ಉತ್ತರಭಾಗದ ನಾಯಕ: ‘ಕಿಂಗ್‌ಡಮ್ ಕಮ್’ ಆಟದ ಎರಡು ಭಾಗಗಳೂ ಗುಡ್ನಾಪುರದ ಶಾಸನವೂ

ಕಥೆಯೊಂದರ ಪೂರ್ವಭಾಗವನ್ನು ಮೆಚ್ಚಿದವರು ಉತ್ತರಭಾಗ ಹೊರಬಂದೊಡನೆ, ಇದು ಅದಕ್ಕಿಂತ ಮೇಲೋ ಕೀಳೋ ಎಂದು ಕೇಳುವುದುಂಟು. ಪ್ರಶ್ನೆ ಸಹಜವಾದದ್ದೇ, ಆದರೆ ವಿಮರ್ಶೆಗೆ ಅದಕ್ಕಿಂತ ಉಪಯುಕ್ತವಾದ ಮತ್ತೊಂದು ಪ್ರಶ್ನೆಯಿದೆ. ಪೂರ್ವಭಾಗದಲ್ಲಿ ನಾಯಕನು ಬೆವರು ಸುರಿಸಿ ಗಳಿಸಿದ್ದನ್ನು ಉತ್ತರಭಾಗವು ಏನು ಮಾಡುತ್ತದೆ? ಈ ಪ್ರಶ್ನೆಯನ್ನು ನಾವಿಲ್ಲಿ ಪಾತ್ರಧಾರಣೆಯ ವಿಡಿಯೋ ಆಟವೊಂದರ ಎರಡು ಭಾಗಗಳಿಗೆ ಹಾಕಿ ನೋಡಬೇಕೆಂದಿದ್ದೇವೆ. ಆಟವು ದೂರದೇಶದ್ದು, ಆದರೆ ಅದನ್ನು ಅಳೆಯತಕ್ಕ ಕೋಲು ಶಿರಸಿ ತಾಲ್ಲೂಕಿನಲ್ಲಿ, ಬನವಾಸಿಯ ನೆರೆಯ ಗುಡ್ನಾಪುರದ ಕೆರೆಯ ಬಳಿಯಲ್ಲಿಯೇ ದೊರೆತಿದೆ.

ಕೋಲನ್ನು ಮೊದಲು ಪರಿಚಯಿಸುವುದು ಲೇಸು. ಕದಂಬರ ಮೂಲಪುರುಷನ ಕಥೆಯನ್ನು ನಮಗೆ ಹೇಳುವ ಕಂಬಗಳು ಎರಡು. ಮೊದಲನೆಯದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ್ದು. ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯನ್ನು ಕುರಿತು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ್ದು. ಅದರಲ್ಲಿ ಮಯೂರಶರ್ಮನು ವಿದ್ಯಾರ್ಥಿ. ಗುರು ವೀರಶರ್ಮನೊಡನೆ ಕಂಚಿಗೆ ಹೋಗುತ್ತಾನೆ, ಅಲ್ಲಿ ಪಲ್ಲವರ ರಾವುತನೊಡನೆ ಜಗಳವಾಗಿ ಅವಮಾನ ಪಡುತ್ತಾನೆ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ. ಎರಡನೆಯದು ಕಾಕುಸ್ಥನ ಮರಿಮಗನಾದ ರವಿವರ್ಮನ ಗುಡ್ನಾಪುರದ ಶಾಸನ. ಇಲ್ಲಿ ವೀರಶರ್ಮನು ಮಯೂರನ ಅಜ್ಜ, ಬಂಧುಷೇಣನು ತಂದೆ. ಕ್ಷತ್ರಿಯಗುಣವು ಆ ತಂದೆಯಲ್ಲಿಯೇ ಬೆಳೆದಿತ್ತೆಂದು ಶಾಸನ ಹೇಳುತ್ತದೆ. ಒಬ್ಬ ಯುವಕನು ಒಂದು ದಿನದ ಉರಿಯಲ್ಲಿ ಮಾಡಿದ ತಿರುವು, ತಲೆಮಾರುಗಳು ಕಳೆಯುವಷ್ಟರಲ್ಲಿ ಮನೆಯ ಆಸ್ತಿಯಾಯಿತು.

ಇನ್ನು ಆಟ. ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ 2018ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಪ್ರಾಗ್ ನಗರದ ವಾರ್‌ಹಾರ್ಸ್ ಸಂಸ್ಥೆಯವರು, ಡೇನಿಯಲ್ ವಾವ್ರನ ನಿರ್ದೇಶನದಲ್ಲಿ, 2014ರಲ್ಲಿ ಸಾರ್ವಜನಿಕರಿಂದ ವಂತಿಗೆಯನ್ನೂ ಕೂಡಿಸಿ ಸಿದ್ಧಪಡಿಸಿದ ಕೃತಿಯಿದು. ಕಥೆಯ ಕಾಲ 1403, ದೇಶ ಬೊಹೀಮಿಯ. ದೊರೆ ವೆನ್ಸೆಸ್ಲಾಸನನ್ನು ಮಲತಮ್ಮ ಸಿಗಿಸ್ಮಂಡನು ಸೆರೆಹಿಡಿದಿದ್ದಾನೆ. ಅವನ ದಂಡು ಸ್ಕಾಲಿಟ್ಸ್ ಎಂಬ ಊರನ್ನು ಸುಟ್ಟು, ಕಮ್ಮಾರನ ಮಗ ಹೆನ್ರಿಯನ್ನು ಅನಾಥನನ್ನಾಗಿ ಮಾಡುತ್ತದೆ. ಇಂಥ ಆಟಗಳಲ್ಲಿ ವಾಡಿಕೆಯಾದ ಮಂತ್ರವಾದಿಗಳಾಗಲಿ ರಕ್ಕಸರಾಗಲಿ ಇಲ್ಲಿ ಇಲ್ಲ.

ಈ ಆಟದ ಹೆಚ್ಚುಗಾರಿಕೆ ನಾಯಕನ ಅಸಮರ್ಥತೆಯಲ್ಲಿದೆ. ಇದ್ದಲಿಗಾಗಿ ಬೇಕಾದ ಬಾಕಿ ಹಣವನ್ನು ವಸೂಲು ಮಾಡಿಕೊಂಡು ಬಾ ಎಂದು ತಂದೆ ಕುನೆಶ್ ಎಂಬ ಕುಡುಕನ ಬಳಿಗೆ ಕಳುಹಿಸಿದರೆ, ಆ ಕುಡುಕನ ಕೈಯಲ್ಲಿಯೇ ಪೆಟ್ಟು ತಿಂದು ಬರುವುದು ಹೊಸ ಆಟಗಾರನ ಪಾಡು. ಇದಕ್ಕಿಂತ ಮಾರ್ಮಿಕವಾದದ್ದು ಅಕ್ಷರದ ಪ್ರಸಂಗ. ಹೆನ್ರಿ ಅನಕ್ಷರಸ್ಥ, ಅವನು ಪುಸ್ತಕ ಬಿಚ್ಚಿದರೆ ಆಟಗಾರನ ಕಣ್ಣಿಗೂ ಬೀಳುವುದು ಕಲಸಿಹೋದ ಅಕ್ಷರಗಳೇ. ಉಝಿಟ್ಸ್ ಎಂಬ ಹಳ್ಳಿಯ ಲಿಪಿಕಾರನಿಂದ ಪಾಠ ಹೇಳಿಸಿಕೊಂಡ ಮೇಲೆ, ಅಭ್ಯಾಸ ಹೆಚ್ಚಿದಂತೆಲ್ಲ ಅಕ್ಷರಗಳು ಒಂದೊಂದಾಗಿ ತಮ್ಮ ತಮ್ಮ ಸ್ಥಾನಕ್ಕೆ ಬಂದು ಪದಗಳಾಗುತ್ತವೆ. ಹಳೆಯ ಲಿಪಿಯ ಮುಂದೆ ಕುಳಿತ ಯಾವ ವಿದ್ಯಾರ್ಥಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗುಡ್ನಾಪುರದ ಕಂಬದ ಪೆಟ್ಟಿಗೆತಲೆಯ ಲಿಪಿ ಮೊದಲ ದಿನ ಕಾಣುವುದೂ ಹೀಗೆಯೇ. ಕಾದಂಬರಿಕಾರನು ‘ಅವನಿಗೆ ಓದು ಬರುತ್ತಿರಲಿಲ್ಲ’ ಎಂದು ಬರೆದು ಮುಂದೆ ಸಾಗಬಹುದು. ಓದಬಲ್ಲವನನ್ನು ಓದಲಾರದವನ ಸ್ಥಿತಿಗೆ ಇಳಿಸುವ ಶಕ್ತಿ ಈ ಮಾಧ್ಯಮಕ್ಕೆ ವಿಶೇಷವಾದದ್ದು. ಮೊದಲ ಆಟ ಪ್ರಕಟವಾದಾಗ ಯಂತ್ರದೋಷಗಳು ಹೇರಳವಾಗಿದ್ದವು. ಆಟದ ಮಧ್ಯೆ ತಂಗಬೇಕಾದರೆ ಮದ್ಯದ ಸೀಸೆಯೊಂದನ್ನು ವೆಚ್ಚಮಾಡಬೇಕೆಂಬ ನಿಯಮವೂ ಬಹುಜನರಿಗೆ ರುಚಿಸಲಿಲ್ಲ. ಈ ಕುಂದುಗಳನ್ನು ನಾವು ದೊಡ್ಡವೆಂದು ಎಣಿಸುವುದಿಲ್ಲ.

ಎರಡನೆಯ ಭಾಗ 2025ರ ಫೆಬ್ರವರಿಯಲ್ಲಿ ಬಂದಿತು. ಮೊದಲನೆಯದು ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಹೆನ್ರಿಯೂ ಅವನ ಒಡನಾಡಿ ಹಾನ್ಸ್ ಕೇಪನನೂ ಟ್ರೋಸ್ಕಿ ಕೋಟೆಗೆ ಪತ್ರ ಕೊಂಡೊಯ್ಯುವಲ್ಲಿಂದ, ಕಥೆ ಮುಂದುವರಿಯುತ್ತದೆ. ಆದರೆ ಕರ್ತೃಗಳಿಗೆ ಒಂದು ತೊಡಕು: ಹೆನ್ರಿ ಈಗ ಕತ್ತಿ ಬಲ್ಲವನು, ಓದು ಬಲ್ಲವನು, ಮೊದಲಿನಿಂದ ಕಲಿಯಲು ಏನಿದೆ? ದಾರಿಯಲ್ಲಿ ಕಳ್ಳರನ್ನು ಬೀಳಿಸಿ, ಆಯುಧ ಉಡುಪುಗಳನ್ನು ಕಳೆದು, ಗಾಯಗೊಳಿಸಿ ಅವನನ್ನು ಮತ್ತೆ ಕೆಳಗಿಳಿಸುತ್ತಾರೆ. ಇದು ಉಪಾಯವೇ ಹೊರತು ಅನಿವಾರ್ಯತೆಯಲ್ಲ. ಗಾಯದಿಂದ ತೋಳಿನ ಬಲ ಕುಂದಬಹುದು; ಕಲಿತ ಅಕ್ಷರ ಮರೆತುಹೋಗದು. ಹಾಗಾಗಿ ಉಝಿಟ್ಸ್‌ನ ಪಾಠಕ್ಕೆ ಸಮನಾದ ಘಟ್ಟವು ಉತ್ತರಭಾಗದಲ್ಲಿ ಇಲ್ಲ. ಮಯೂರನ ಕ್ಷಾತ್ರವು ಗುಡ್ನಾಪುರದಲ್ಲಿ ಹೇಗೋ ಹೆನ್ರಿಯ ಯೋಗ್ಯತೆಯೂ ಇಲ್ಲಿ ಹಾಗೆ; ಅದು ಮೊದಲೇ ಸಿದ್ಧವಾಗಿದೆ.

ಇಷ್ಟಕ್ಕೆ ಉತ್ತರಭಾಗವನ್ನು ಕೀಳೆಂದು ತೀರ್ಮಾನಿಸುವುದು ಅವಸರವಾದೀತು. ಗುಡ್ನಾಪುರದ ಶಾಸನದ ಉದ್ದೇಶ ಮಯೂರನ ಚರಿತ್ರೆಯಲ್ಲ. ರವಿವರ್ಮನು ಕಟ್ಟಿಸಿದ ಕಾಮನ ಆಲಯ, ಅದರ ಅಕ್ಕಪಕ್ಕದ ಅರಮನೆ ಮತ್ತು ನೃತ್ಯಶಾಲೆಗಳು, ದತ್ತಿಯಾಗಿ ಬಿಟ್ಟ ಭೂಮಿ, ಇವು ಅದರ ವಿಷಯ. ತಾಳಗುಂದದಲ್ಲಿ ಒಬ್ಬ ವ್ಯಕ್ತಿ ಕಾಣಿಸಿದರೆ ಇಲ್ಲಿ ಒಂದು ಊರು ಕಾಣಿಸುತ್ತದೆ. ಎರಡನೆಯ ಆಟದ ಲಾಭವೂ ಇದೇ ಬಗೆಯದು. ಬೆಳ್ಳಿಯ ಗಣಿಗಳಿಂದಲೂ ಟಂಕಸಾಲೆಯಿಂದಲೂ ಹೆಸರಾದ ಕುಟೆನ್‌ಬರ್ಗ್ ನಗರವು ಬೀದಿ ಬೀದಿಯಾಗಿ ಎದ್ದು ನಿಂತಿದೆ. ಮೊದಲ ಭಾಗದ ಬೊಹೀಮಿಯದಲ್ಲಿ ಹೊರಗಿನವರೇ ಇಲ್ಲವೆಂದು ಆಕ್ಷೇಪಿಸಿದವರಿದ್ದರು. ಇಲ್ಲಿ ಯೆಹೂದ್ಯರ ಕೇರಿಯಿದೆ, ಮಾಲಿ ದೇಶದಿಂದ ಬಂದ ಮೂಸಾ ಎಂಬ ಪಂಡಿತನಿದ್ದಾನೆ. ಮೊದಲ ಭಾಗವು ಪ್ರಕಟವಾದಾಗ ಚೆಕ್ ನೆಲದ ಪಾತ್ರಗಳು ಚೆಕ್ ಭಾಷೆಯಲ್ಲಿ ಮಾತನಾಡುತ್ತಿರಲಿಲ್ಲ; ಎರಡನೆಯದರಲ್ಲಿ ಆ ಧ್ವನಿ ಮೊದಲಿನಿಂದಲೇ ಕೇಳಿಸುತ್ತದೆ. ಕದಂಬರ ಈ ಎರಡು ಕಂಬಗಳೂ ಸಂಸ್ಕೃತದಲ್ಲಿಯೇ ಮಾತನಾಡುವುದನ್ನು ಬಲ್ಲ ಕನ್ನಡಿಗನು ಇದನ್ನು ಸಣ್ಣ ಸಂಗತಿಯೆನ್ನಲಾರ.

ಅದಕ್ಕಿಂತ ಮಿಗಿಲಾದ ಗಳಿಕೆ ಕುಲುಮೆ. ಕಮ್ಮಾರನ ಮಗನಾದ ಹೆನ್ರಿ ಮೊದಲ ಭಾಗದಲ್ಲಿ ಸಾಣೆ ಹಿಡಿಯಬಲ್ಲನೇ ಹೊರತು ಕತ್ತಿ ಬಡಿಯಲಾರ, ವಿಚಿತ್ರವಾದ ಕೊರತೆ. ಎರಡನೆಯದರಲ್ಲಿ ತಿದಿಯೊತ್ತಿ, ಕಬ್ಬಿಣದ ಬಣ್ಣ ನೋಡಿ, ಲಯ ತಪ್ಪದಂತೆ ಬಡಿದು, ಮಗ್ಗುಲು ತಿರುಗಿಸಿ, ಕಡೆಗೆ ಅದ್ದಿ ಹದಗೊಳಿಸಬೇಕು. ಸತ್ತ ತಂದೆಯ ಕಸುಬು ಮಗನ ಕೈಗೆ ಬರುವುದು ಇಲ್ಲಿಯೇ. ಉತ್ತರಭಾಗದಲ್ಲಿ ನಾಯಕನು ನಿಜವಾಗಿ ಏನನ್ನಾದರೂ ಹೊಸದಾಗಿ ಆಗುವುದಿದ್ದರೆ ಅದು ಅಡಿಗಲ್ಲಿನ ಮುಂದೆಯೇ. ಕರ್ತೃಗಳು ಕಥೆಯ ಭಾರವನ್ನು ಈ ಕಸುಬಿನ ಮೇಲೆಯೇ ಇನ್ನಷ್ಟು ಹೊರಿಸಬಹುದಾಗಿತ್ತು. ಮುಖ್ಯಕಥೆಗೆ ಅದು ಆರಂಭದಲ್ಲಿ ಬಂದು ಹೋಗುವ ಸಹಾಯಕವಾಗಿ, ಆಮೇಲೆ ಹಣ ಸಂಪಾದನೆಯ ದಾರಿಯಾಗಿ ಉಳಿದುಬಿಡುತ್ತದೆ.

ಹೊಸ ಆಟಗಾರರು ಎರಡನೆಯದರಿಂದಲೇ ಪ್ರಾರಂಭಿಸಬಹುದೆಂದು ಸಲಹೆ ಕೊಡುವವರಿದ್ದಾರೆ; ಅದು ನಯವಾದದ್ದು, ಪೂರ್ವಕಥೆಯನ್ನೂ ತಾನೇ ತಿಳಿಸಿಕೊಡುತ್ತದೆ ಎಂಬುದು ಅವರ ವಾದ. ಗುಡ್ನಾಪುರದ ಶಾಸನವೂ ಪೂರ್ವಕಥೆಯನ್ನು ತಿಳಿಸಿಕೊಡುತ್ತದೆ. ಅದನ್ನಷ್ಟೇ ಓದಿದವನಿಗೆ ಕಂಚಿಯ ಬೀದಿಯ ಜಗಳ ತಿಳಿಯುವುದಿಲ್ಲ. ಎರಡನೆಯ ಆಟವನ್ನಷ್ಟೇ ಆಡಿದವನಿಗೆ ಕಲಸಿದ ಅಕ್ಷರಗಳ ಆ ಪುಟ ಕಾಣಸಿಗುವುದಿಲ್ಲ.