ಹಿಡಿಯ ತಳದ ಸಂಖ್ಯೆ

ರಿವಾಲ್ವರ್ ಕಳುವಾಗಿದೆ; ಉಳಿದಿರುವುದು ಹಳೇ ರಸೀದಿಯಲ್ಲಿ ಬರೆದಿಟ್ಟ ಒಂದು ಸಂಖ್ಯೆ ಮಾತ್ರ. ಅಷ್ಟರಿಂದಲೇ ಅದು ಯಾವ ಮಾದರಿಯದೆಂದು ಹೇಳಬಲ್ಲವರನ್ನು ಕಂಡರೆ ನನಗೆ ಅಪಾರ ಗೌರವ.

ಅಮೆರಿಕದ ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳನ್ನೇ ನೋಡಿ. ಸಂಖ್ಯೆಗೆ ಮೊದಲು ಬರುವ ಒಂದಕ್ಷರವೇ ಅರ್ಧ ಕತೆ ಹೇಳಿಬಿಡುತ್ತದೆ. ‘ವಿ’ ಇದ್ದರೆ ಎರಡನೇ ಮಹಾಯುದ್ಧದ ಕಾಲದ ‘ವಿಕ್ಟರಿ’ ಮಾದರಿ. ‘ಸಿ’ ಇದ್ದರೆ ಬಹುಮಟ್ಟಿಗೆ 1948ರಿಂದೀಚಿನ ‘ಮಿಲಿಟರಿ ಅಂಡ್ ಪೊಲೀಸ್’ ಮಾದರಿ, ಗುರಿ ನೋಡುವ ಪಟ್ಟಿ ಅಲುಗದ್ದು. ‘ಕೆ’ ಅಂದರೆ ಅದೇ ಗಾತ್ರ, ಆದರೆ ಹಿಂದಿನ ಗುರಿಪಟ್ಟಿಯನ್ನು ಹೊಂದಿಸಿಕೊಳ್ಳಬಹುದು. 1957ರಲ್ಲಿ ಮಾದರಿಗಳಿಗೆ ಅಂಕಿ ಕೊಟ್ಟಾಗ ಮಿಲಿಟರಿ ಅಂಡ್ ಪೊಲೀಸ್ ‘ಮಾಡೆಲ್ 10’ ಆಯಿತು.

ಜನ ಎಡವುವ ಜಾಗ ಒಂದಿದೆ. ಗುಂಡು ತುಂಬುವ ಉರುಳೆಯನ್ನು ಪಕ್ಕಕ್ಕೆ ಹೊರಳಿಸಿದರೆ, ಅದರ ತೋಳು ಕೂರುವ ಸಂದಿನಲ್ಲಿ ಪುಟ್ಟ ಅಂಕಿಗಳು ಕಾಣುತ್ತವೆ. ಕಣ್ಣಿಗೆ ಮೊದಲು ಬೀಳುವುದು ಅವೇ. ಒಂದು ಮಾದರಿಯ ಅಂಕಿಯಾಗಿರಬಹುದು, ಇನ್ನೊಂದು ಕಾರ್ಖಾನೆಯ ಜೋಡಣೆಯ ಗುರುತು. ಗಡಿಬಿಡಿಯಲ್ಲಿ ಆ ಗುರುತನ್ನೇ ರಸೀದಿಗೆ ಇಳಿಸಿದ್ದರೆ, ಪೊಲೀಸರ ದಾಖಲೆಯಲ್ಲಿ ಹುಡುಕಿದರೂ ರಿವಾಲ್ವರ್ ಸಿಕ್ಕುವುದಿಲ್ಲ. ನಿಜವಾದ ಸಂಖ್ಯೆ ಇರುವುದು ಹಿಡಿಯ ತಳದ ಉಕ್ಕಿನ ಮೇಲೆ. ದಪ್ಪನೆಯ ಮರದ ಹಿಡಿ ಅದನ್ನು ಮುಚ್ಚಿದ್ದರೆ ಸ್ಕ್ರೂ ಬಿಚ್ಚಿಯೇ ನೋಡಬೇಕು.

ಅದಕ್ಕೇ ಬಲ್ಲವರು ಮೊದಲು ಕೇಳುವುದು, “ಈ ಸಂಖ್ಯೆಯನ್ನು ಎಲ್ಲಿಂದ ಓದಿ ಬರೆದಿರಿ?” ಅಂತ. ಯುದ್ಧಕಾಲದ ರಿವಾಲ್ವರಾದರೆ ಅದೇ ಸಂಖ್ಯೆಯನ್ನು ಉರುಳೆಯ ಹಿಂಬದಿಯಲ್ಲೂ ನಳಿಗೆಯ ಅಡಿಯಲ್ಲೂ ಒತ್ತಿರುತ್ತಾರೆ. ಕಳುವಾದದ್ದು ಮರಳಿ ಸಿಕ್ಕ ದಿನ ಭೂತಗನ್ನಡಿ ಹಿಡಿದು ಮೂರನ್ನೂ ತಾಳೆ ನೋಡುತ್ತಾರೆ.