ಬ್ಯಾನರಿಗಾಗಿ ಕಾದ ಲಾರಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಬಸವೇಶ್ವರನಗರದ ನಾವು ಕೆಲವರು ಒಂದು ಕಲ್ಯಾಣಮಂಟಪದ ಊಟದ ಹಾಲ್‌ನಲ್ಲಿ ಸಾಮಾನು ಸಂಗ್ರಹಕ್ಕೆ ಕೂತೆವು. ಕನ್ನಡ ಮೇಷ್ಟ್ರು ಎಂಬ ಕಾರಣಕ್ಕೆ ಮನವಿ ಬರೆಯುವ ಕೆಲಸ ನನಗೆ ಬಂತು. ಹತ್ತು ನಿಮಿಷದಲ್ಲಿ ಬರೆದುಕೊಟ್ಟೆ. ಪ್ರಕೃತಿಯ ಮುನಿಸು, ನೊಂದ ಜೀವಗಳು, ಸಹಾಯಹಸ್ತ ಎಲ್ಲವೂ ಅದರಲ್ಲಿದ್ದವು. ರಾಜಾಜಿನಗರ, ವಿಜಯನಗರದ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅದು ಓಡಾಡಿತು. ನಮ್ಮ ಬೀದಿಯಲ್ಲಿ ಮಕ್ಕಂದೂರು ಕಡೆಯ ಅಕ್ಕ ಒಬ್ಬರಿದ್ದಾರೆ. ಅವರು ಓದಿ ಹೇಳಿದ್ದು ಇಷ್ಟೇ: "ಚೆನ್ನಾಗಿದೆ ಮೇಷ್ಟ್ರೇ. ಆದರೆ ಇದರಲ್ಲಿ ನಮ್ಮೂರಿನ ಹೆಸರೇ ಇಲ್ಲವಲ್ಲ."

ನನ್ನ ಯಾವ ಬರಹಕ್ಕೂ ಇಷ್ಟು ಸರಿಯಾದ ವಿಮರ್ಶೆ ಬಂದಿಲ್ಲ. ಮತ್ತೆ ಓದಿ ನೋಡಿದೆ. ಬನ್ನಿ, ಮಿಡಿಯಿರಿ, ಕೈ ಚಾಚಿ, ಭಾಗಿಯಾಗಿ ಎಂದು ಕ್ರಿಯಾಪದಗಳೆಲ್ಲ ಕೊಡುವವರ ಪಾಲಾಗಿದ್ದವು. ಕಳೆದುಕೊಂಡವರಿಗೆ ಉಳಿದದ್ದು ನೋಯುವುದೊಂದೇ. ಮನವಿಯನ್ನು ಕೊಡಗಿನ ಬದಲು ಒಡಿಶಾಕ್ಕೆ ಹಾಕಿದ್ದರೂ ಒಂದಕ್ಷರ ಬದಲಿಸಬೇಕಿರಲಿಲ್ಲ.

ಅಂದಿನಿಂದ ದಾನದ ಬರಹಗಳನ್ನು ಓದುವ ಚಟ ಹತ್ತಿದೆ: ಮನವಿಗಳು, ಫಲಕಗಳು, ಕಂಪನಿಗಳ ವಾರ್ಷಿಕ ವರದಿಗಳು. ಕನ್ನಡದಲ್ಲಿ ಇದು ಹೊಸ ಪ್ರಕಾರವೇನಲ್ಲ. ಕನ್ನಡದ ಮೊದಲ ಶಾಸನವೆಂದು ಬಹುಕಾಲ ಹೆಸರಾಗಿರುವ, ಸುಮಾರು 450ರ ಹಲ್ಮಿಡಿ ಶಾಸನವೂ ಒಂದು ದಾನಪತ್ರವೇ. ಯುದ್ಧದಲ್ಲಿ ಕಾದಿ ಗೆದ್ದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು ಕೊಟ್ಟ ಮಾತು ಅದರಲ್ಲಿದೆ. ಪಡೆದವನಿಗೆ ಹೆಸರಿದೆ, ಹಳ್ಳಿಗಳಿಗೆ ಹೆಸರಿದೆ, ಯಾರ ಸಮಕ್ಷಮದಲ್ಲಿ ಎಂಬುದೂ ಇದೆ. ಕೊನೆಗೆ, ಇದನ್ನು ಅಳಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆ. ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ಈ ಶಾಪದ ಸಾಲು ಇನ್ನಷ್ಟು ಬೆಳೆಯುತ್ತದೆ; ದಾನ ಕೊಟ್ಟವನ ವಂಶದವರೂ ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ದಾನಿಗಳಿಗೆ ಹೆಸರಿನ ಆಸೆ ಇರಲಿಲ್ಲವೆಂದಲ್ಲ, ಧಾರಾಳವಾಗಿತ್ತು. ಆದರೆ ಬರೆಸಿದವನಿಗೆ ಕೊಟ್ಟ ದಿನದ ಮೇಲಿನಷ್ಟೇ ಕಣ್ಣು ನಾಳೆಯ ಮೇಲೂ ಇತ್ತು.

ನಮ್ಮ ಹಾಲ್‌ಗೆ ಒಂದು ಕಂಪನಿಯಿಂದ ಬಿಸ್ಕತ್ತು, ಕಂಬಳಿ ಬಂದವು. ಲಾರಿ ತುಂಬಿ, ಹಗ್ಗ ಬಿಗಿದು ಆದ ಮೇಲೆ ಅವರ ಕಡೆಯವರು ಬ್ಯಾನರ್ ಇನ್ನೂ ಪ್ರಿಂಟ್ ಆಗುತ್ತಿದೆ, ಸ್ವಲ್ಪ ತಡೆಯಿರಿ ಎಂದರು. ಎರಡು ಗಂಟೆ ತಡೆದೆವು. ಹೂಂ ಅಂದವನು ನಾನೇ. ಮುಂದಿನ ಲೋಡಿಗೂ ಅವರೇ ಬೇಕಿತ್ತಲ್ಲ. ಫೋಟೋ ಮುಗಿಸಿ ಹೊರಟ ಲಾರಿ ಕೆಂಗೇರಿ ದಾಟುವ ಹೊತ್ತಿಗೆ ಸಂಜೆಯ ಟ್ರಾಫಿಕ್ಕು, ಕುಶಾಲನಗರ ಮುಟ್ಟಿದಾಗ ನಡುರಾತ್ರಿ. ಚಿತ್ರದಲ್ಲಿ ನಾನೂ ನಗುತ್ತಿದ್ದೇನೆ.

ಈ ಬ್ಯಾನರನ್ನು ಬರೀ ಪ್ರಚಾರದ ಹುಚ್ಚು ಎಂದು ಬೈದು ಸುಮ್ಮನಾಗಲು ಆಗದು. ಅದರ ಹಿಂದೆ ಕಾನೂನೂ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಿ ಲೆಕ್ಕ ಒಪ್ಪಿಸಬೇಕು. ವಿಪತ್ತು ಪರಿಹಾರ ಆ ಪಟ್ಟಿಗೆ ಹೆಸರು ಹಿಡಿದು ಸೇರಿದ್ದು 2019ರಲ್ಲಿ. ಮರುವರ್ಷ ಕೋವಿಡ್ ಬಂದಾಗ ಕೇಂದ್ರದ ಪಿಎಂ ಕೇರ್ಸ್‌ಗೆ ಕೊಟ್ಟ ಹಣ ಈ ಲೆಕ್ಕಕ್ಕೆ ಬರುತ್ತದೆ, ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟದ್ದು ಬರುವುದಿಲ್ಲ ಎಂದು ಸಚಿವಾಲಯ ಸುತ್ತೋಲೆ ಹೊರಡಿಸಿತು. ಕಷ್ಟ ಒಂದೇ, ರೂಪಾಯಿ ಒಂದೇ. ಯಾವ ಪೆಟ್ಟಿಗೆಗೆ ಬಿತ್ತು ಎಂಬುದರ ಮೇಲೆ ಅದರ ಅರ್ಥ ಬೇರೆ. ವರದಿಯ ಕೋಷ್ಟಕದಲ್ಲಿ ಯೋಜನೆ, ಜಿಲ್ಲೆ, ಮೊತ್ತ, ಜಾರಿ ಮಾಡಿದ ಸಂಸ್ಥೆ ಎಂಬ ಕಾಲಂಗಳಿವೆ. ಪಡೆದವರು ಏನೆಂದರು ಎಂಬುದಕ್ಕೆ ಕಾಲಂ ಇಲ್ಲ. ದೊಡ್ಡ ಯೋಜನೆಗಳ ಪರಿಣಾಮವನ್ನು ಹೊರಗಿನವರಿಂದ ಅಳೆಸಬೇಕೆಂಬ ನಿಯಮ 2021ರಲ್ಲಿ ಬಂತು. ಸಮಕ್ಷಮಕ್ಕೆ ಸಾಕ್ಷಿಯೇನೋ ಸಿಕ್ಕಿತು, ಆದರೆ ಆ ಸಾಕ್ಷಿಗೆ ಸಂಬಳ ಕೊಡುವವನೂ ದಾನಿಯೇ.

ಸಾಕ್ಷಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಉತ್ತರ ಕರ್ನಾಟಕ ಮೊದಲೇ ನೋಡಿತ್ತು. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಂದ ನೆರೆಗೆ ಅಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮುಖ್ಯಮಂತ್ರಿ ಯಡಿಯೂರಪ್ಪ ಪಾದಯಾತ್ರೆ ಮಾಡಿ ದೇಣಿಗೆ ಎತ್ತಿದರು. ಸರ್ಕಾರ ಜಾಗ ಕೊಡುವುದು, ಕಂಪನಿ, ಮಠ, ಸಂಸ್ಥೆಗಳು ಮನೆ ಕಟ್ಟುವುದು ಎಂಬ 'ಆಸರೆ' ಯೋಜನೆ ಹುಟ್ಟಿತು. ಹೆಸರೇನೋ ಸೊಗಸಾಗಿದೆ. ಮನೆಗಳೂ ಎದ್ದವು, ಅದನ್ನು ಹಗುರ ಮಾಡಲಾರೆ, ನಮ್ಮ ಬಿಸ್ಕತ್ತಿಗಿಂತ ಅದು ಎಷ್ಟೋ ದೊಡ್ಡದು. ಆದರೆ ಎಷ್ಟೋ ಕಡೆ ಜನ ಅಲ್ಲಿಗೆ ಹೋಗಲೇ ಇಲ್ಲ. ಎತ್ತು ಕಟ್ಟಲು ಜಾಗ ಬೇಕು, ಬಣವೆ ಒಟ್ಟಲು ಜಾಗ ಬೇಕು, ಹೊಲ ಹತ್ತಿರವಿರಬೇಕು. ಒಕ್ಕಲಿಗನ ಮನೆ ಎಂದರೆ ನಾಲ್ಕು ಗೋಡೆಯಷ್ಟೇ ಅಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಊರೊಳಗೆ ನುಗ್ಗಿದಾಗ ಹಳೆಯ ಮನೆಗಳಲ್ಲೇ ಉಳಿದವರು ಮತ್ತೆ ನೀರಲ್ಲಿ ನಿಂತರು, ಅತ್ತ ಆಸರೆ ಮನೆಗಳ ಸುತ್ತ ಜಾಲಿ ಬೆಳೆದಿತ್ತು.

ಅದೇ ತಿಂಗಳು ಕಾವೇರಿ ಉಕ್ಕಿ ಸಿದ್ದಾಪುರದ ಹತ್ತಿರದ ಕರಡಿಗೋಡಿಗೆ ನೀರು ಬಂತು. ಮತ್ತೆ ಹಾಲ್, ಮತ್ತೆ ಮನವಿ. ಈ ಸಲ ನಾನು ಬರೆಯಲಿಲ್ಲ, ಅಕ್ಕನನ್ನೇ ಕೇಳಿದೆ. ಅವರು ಕರಡಿಗೋಡಿಗೆ ಫೋನ್ ಮಾಡಿ ವಿಚಾರಿಸಿ, ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಸಾಲು ಬರೆದರು. ಮೊದಲು ಊರಿನ ಹೆಸರು. ಆಮೇಲೆ ಬೇಕಾದದ್ದು: ಟಾರ್ಪಾಲು, ಹೊಸ ಒಳಉಡುಪು, ಪ್ಯಾಡು, ಅಕ್ಕಿ ಬೇಯಿಸುವ ದೊಡ್ಡ ಪಾತ್ರೆ. ಮೂರನೆಯದರಲ್ಲಿ, ನೀರಿಳಿದ ಮೇಲೆ ಮನೆ ತೊಳೆಯಲು ಹತ್ತು ಜನ ಬರಬಹುದೇ ಎಂಬ ಪ್ರಶ್ನೆ. ಕೊನೆಯದು: 'ಹಳೆಯ ಸೀರೆ ಕಳಿಸಬೇಡಿ, ಹೋದ ವರ್ಷದ್ದು ಇನ್ನೂ ಮೂಟೆಯಲ್ಲೇ ಇದೆ.'

ಕಮಿಟಿಯವರಿಗೆ ಮೂರು ಸಾಲು ಒಪ್ಪಿಗೆಯಾದವು. ದಾನಿಗಳಿಗೆ ಬೇಜಾರಾಗುತ್ತದೆ ಎಂದು ಕೊನೆಯದನ್ನು ಹೊಡೆದುಹಾಕಿದರು. ಆ ಭಾನುವಾರ ಸೀರೆಯ ಹನ್ನೊಂದು ಮೂಟೆ ಬಂದವು.