ಚಲಚ್ಚಿತ್ರಗೀತೆಯ ತಾಳವೂ ಕಂಸಾಳೆಯ ಪೆಟ್ಟೂ

ದಕ್ಷಿಣ ಭಾರತದ ಚಲಚ್ಚಿತ್ರಸಂಗೀತವನ್ನು ಪ್ರಶಂಸಿಸಿ ಬರೆಯುವವರು ಅದರ ತಾಳವೈವಿಧ್ಯವನ್ನು ಎತ್ತಿ ಹೇಳುವುದು ವಾಡಿಕೆಯಾಗಿದೆ. ಐದು ಮಾತ್ರೆಯ ಖಂಡಚಾಪು, ಏಳು ಮಾತ್ರೆಯ ಮಿಶ್ರಚಾಪು, ಒಂಬತ್ತು ಮಾತ್ರೆಯ ಸಂಕೀರ್ಣಗತಿ, ಇವುಗಳಲ್ಲಿ ಯಾವುದಾದರೊಂದು ಗೀತೆಯಲ್ಲಿ ಕಂಡೊಡನೆಯೇ ಆ ಗೀತೆ ಪ್ರೌಢವೆಂದೂ, ನಾಲ್ಕರ ನಡೆಯಲ್ಲಿ ಸಾಗುವುದೆಲ್ಲ ಸಾಮಾನ್ಯವೆಂದೂ ತೀರ್ಮಾನವಾಗಿಬಿಡುತ್ತದೆ. ಇದು ಕೇವಲ ಎಣಿಕೆಯ ಮಾನದಂಡ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಹುಟ್ಟಿ ಬೆಳೆದು, ಇತ್ತೀಚಿನ ದಶಕಗಳಲ್ಲಿ ಬೆಳ್ಳಿತೆರೆಯನ್ನು ಸೇರಿದ ಹಾಡುಗಳನ್ನು ಈ ಮಾನದಂಡದಿಂದ ಅಳೆಯಹೊರಟರೆ ಅದು ಎಷ್ಟು ಮೊಟಕಾದುದೆಂಬುದು ಸ್ಪಷ್ಟವಾಗುತ್ತದೆ.

ಮೊದಲು ಎಣಿಕೆಯ ವಿಷಯವನ್ನೇ ನೋಡಬಹುದು. ಸೂಳಾದಿ ಸಪ್ತತಾಳಗಳು ಐದು ಜಾತಿಗಳಿಂದ ಗುಣಿತವಾಗಿ ಮೂವತ್ತೈದಾಗುವುವೆಂಬುದೂ, ಇವುಗಳ ಲೆಕ್ಕಕ್ಕೆ ಸೇರದ ಚಾಪುತಾಳಗಳು ಪ್ರಯೋಗದಲ್ಲಿ ಬಹು ಮಾನ್ಯತೆಯನ್ನು ಪಡೆದಿರುವುವೆಂಬುದೂ ವಿದಿತವೇ ಇದೆ. ಮಿಶ್ರಚಾಪುವಿನ ಮೂರು ಮತ್ತು ನಾಲ್ಕರ ಜೋಡಣೆ ಕನ್ನಡದ ಕಿವಿಗೆ ಯಾವ ಕಾಲಕ್ಕೂ ಅಪರಿಚಿತವಾಗಿರಲಿಲ್ಲ. ಭಾಮಿನೀಷಟ್ಪದಿಯ ಮೊದಲ ಪಾದವು ಮೂರು-ನಾಲ್ಕು, ಮೂರು-ನಾಲ್ಕು ಎಂದು ಹದಿನಾಲ್ಕು ಮಾತ್ರೆಗಳಲ್ಲಿ ನಡೆಯುತ್ತದೆ. ಎಂದರೆ ಮಿಶ್ರಚಾಪುವಿನ ಎರಡು ಆವರ್ತ. ವಾರ್ಧಕಷಟ್ಪದಿಯ ಐದರ ಗಣ ಖಂಡಚಾಪುವಿಗೆ ಹೊಂದುತ್ತದೆ. ಗಮಕಿಯು ತಾಳವಿಲ್ಲದೆಯೇ ಗದುಗಿನ ಭಾರತವನ್ನು ವಾಚಿಸುತ್ತಿದ್ದರೂ ಕೇಳುವವರ ಮನಸ್ಸಿನಲ್ಲಿ ಏಳರ ನಡೆ ಅಡಗಿಯೇ ಇರುತ್ತದೆ. ಆದುದರಿಂದ ಏಳು ಮಾತ್ರೆಯ ಚಲಚ್ಚಿತ್ರಗೀತೆಯೊಂದನ್ನು ಕೇಳಿ ಬೆರಗಾಗುವ ವಿಮರ್ಶಕನು ಕುಮಾರವ್ಯಾಸನನ್ನು ಮರೆತಿದ್ದಾನೆಂದೇ ಹೇಳಬೇಕಾಗುತ್ತದೆ.

ಮಾತ್ರಾಗಣಗಳ ಈ ಸಂಪತ್ತನ್ನು ಹೊಸಗನ್ನಡಕ್ಕೆ ತಿರುಗಿ ದೊರಕಿಸಿಕೊಟ್ಟವರಲ್ಲಿ ಮಂಡ್ಯ ಜಿಲ್ಲೆಗೆ ಸಂಬಂಧಪಟ್ಟವರು ಹಲವರಿರುವುದು ಗಮನಾರ್ಹವಾದುದು. ಬಿ. ಎಂ. ಶ್ರೀಕಂಠಯ್ಯನವರ ಮನೆತನ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಗೇಯನಾಟಕಕ್ಕೆ ರಾಗತಾಳಗಳನ್ನು ತಾವೇ ಯೋಚಿಸಿ ಬರೆದ ಪು. ತಿ. ನರಸಿಂಹಾಚಾರ್ಯರು ಮೇಲುಕೋಟೆಯವರು. ಕೆ. ಎಸ್. ನರಸಿಂಹಸ್ವಾಮಿಯವರು ೧೯೧೫ರಲ್ಲಿ ಜನಿಸಿದುದು ಕಿಕ್ಕೇರಿಯಲ್ಲಿ. ೧೯೪೨ರಲ್ಲಿ ಪ್ರಕಟವಾದ ಇವರ ‘ಮೈಸೂರು ಮಲ್ಲಿಗೆ’ಯ ಕವನಗಳನ್ನು ಆಧರಿಸಿ ಟಿ. ಎಸ್. ನಾಗಾಭರಣರು ೧೯೯೨ರಲ್ಲಿ ಅದೇ ಹೆಸರಿನ ಚಿತ್ರವನ್ನು ನಿರ್ದೇಶಿಸಿದಾಗ ಸಂಗೀತವನ್ನು ಒದಗಿಸಿದವರು ಸಿ. ಅಶ್ವಥ್. ಅಲ್ಲಿ ಛಂದಸ್ಸಿಗೂ ತಾಳಕ್ಕೂ ಜಗಳವೇ ಹುಟ್ಟುವುದಿಲ್ಲ. ಕವಿಯೇ ತಾಳವನ್ನು ಕಟ್ಟಿಕೊಟ್ಟಿದ್ದಾನೆ. ಪಾದಾಂತ್ಯದ ಊನಗಣದಲ್ಲಿ ಉಳಿಯುವ ಮೌನವನ್ನು ಎಳೆತದಿಂದಲೋ ವಾದ್ಯದಿಂದಲೋ ತುಂಬುವುದಷ್ಟೇ ಸಂಗೀತಗಾರನ ಪಾಲಿನ ಕೆಲಸವಾಗುತ್ತದೆ. ಅದನ್ನು ಅಶ್ವಥ್ ಅವರು ಎದೆತುಂಬಿದ ಕಂಠದಿಂದ ಮಾಡಿದರು. ಇದಕ್ಕಿಂತ ಹೆಚ್ಚು ವಿಸ್ತರಿಸಬೇಕಾದುದು ಇಲ್ಲಿಲ್ಲ.

ತೊಡಕು ಆರಂಭವಾಗುವುದು ಮಾತ್ರೆಗಳ ಲೆಕ್ಕಕ್ಕೆ ಒಳಪಡದ ಹಾಡಿನಲ್ಲಿ. ಕನ್ನಡದ ದೇಸಿ ಛಂದಸ್ಸು ಅಂಶಗಣದ್ದು. ಪ್ರಾಚೀನ ಲಾಕ್ಷಣಿಕರ ಪ್ರಸ್ತಾರದಂತೆ ಬ್ರಹ್ಮಗಣವೊಂದರಲ್ಲಿ ಮೂರರಿಂದ ನಾಲ್ಕು, ವಿಷ್ಣುಗಣದಲ್ಲಿ ನಾಲ್ಕರಿಂದ ಆರು, ರುದ್ರಗಣದಲ್ಲಿ ಐದರಿಂದ ಎಂಟು ಮಾತ್ರೆಗಳವರೆಗೆ ಬರಬಹುದು. ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದುವೆಲ್ಲ ವಿಷ್ಣುಗಣ ಎಂದು ನಿಯಮವಿದ್ದರೂ, ಒಂದು ತ್ರಿಪದಿಯ ಮಾತ್ರೆಗಳ ಮೊತ್ತ ಇನ್ನೊಂದರ ಮೊತ್ತಕ್ಕೆ ಸಮನಾಗಬೇಕೆಂಬ ನಿಯಮವಿಲ್ಲ. ಬೀಸುವವಳು ಗಿಡ್ಡ ಗಣವನ್ನು ಎಳೆದು, ಉದ್ದ ಗಣವನ್ನು ಒತ್ತಿ, ಕಲ್ಲಿನ ಸುತ್ತಿಗೆ ಸರಿಹೊಂದಿಸುತ್ತಾಳೆ. ಅಳತೆ ಇರುವುದು ಕೈಯಲ್ಲಿ, ಅಕ್ಷರದಲ್ಲಲ್ಲ. ಇಂತಹ ಹಾಡಿನ ತಾಳ ಯಾವುದೆಂದು ಕೇಳಿದರೆ ಸಂಖ್ಯೆಯೊಂದರಿಂದ ಉತ್ತರ ಕೊಡುವುದು ಸಾಧ್ಯವಿಲ್ಲ.

ಮಳವಳ್ಳಿಯ ಸೀಮೆಯಲ್ಲಿ ಈ ಸ್ವಾತಂತ್ರ್ಯವು ಎರಡು ದೊಡ್ಡ ಕಥನಪರಂಪರೆಗಳಲ್ಲಿ ವಿಸ್ತಾರವಾಗಿ ಬೆಳೆದಿದೆ. ಒಂದು, ಮಂಟೇಸ್ವಾಮಿ ಮತ್ತು ಸಿದ್ದಪ್ಪಾಜಿಯವರ ಒಕ್ಕಲಾದ ನೀಲಗಾರರದು. ಆ ಪಂಥದ ಮುಖ್ಯ ಸ್ಥಾನಗಳಲ್ಲೊಂದಾದ ಬೊಪ್ಪೇಗೌಡನಪುರ ಇರುವುದು ಇದೇ ತಾಲ್ಲೂಕಿನಲ್ಲಿ. ಇನ್ನೊಂದು, ಮಲೆಯ ಮಾದೇಶ್ವರನ ದೇವರಗುಡ್ಡರದು. ಮದ್ದೂರಿನಿಂದ ಮಳವಳ್ಳಿಯ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ದಾರಿ ಮಾದಪ್ಪನ ಬೆಟ್ಟಕ್ಕೆ ನಡೆಯುವ ಪರಸೆಯವರ ದಾರಿಯೂ ಆಗಿರುವುದರಿಂದ, ಕಂಸಾಳೆಯ ದನಿ ಈ ಊರುಗಳಿಗೆ ಎಂದೂ ದೂರದ್ದಾಗಿರಲಿಲ್ಲ. ನೀಲಗಾರನು ತಂಬೂರಿಯನ್ನೂ ಗಗ್ಗರವನ್ನೂ ಹಿಡಿಯುತ್ತಾನೆ. ಜೊತೆಯವರು ದಮ್ಮಡಿಯನ್ನು ಬಡಿಯುತ್ತಾರೆ. ಗುಡ್ಡನ ಎಡಗೈಯಲ್ಲಿ ಬಟ್ಟಲಿನಂತಹ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆಯ ತಾಳ.

ಕಂಸಾಳೆಯ ಪೆಟ್ಟನ್ನು ಸ್ವಲ್ಪ ಸೂಕ್ಷ್ಮವಾಗಿ ಪರಿಶೀಲಿಸಬೇಕು. ಚಪ್ಪಟೆ ತಾಳವು ಬಟ್ಟಲಿನ ಬಾಯಿಗೆ ಪೂರ್ತಿಯಾಗಿ ಬಿದ್ದರೆ ಒಂದು ದನಿ, ಅಂಚಿಗೆ ತಾಗಿದರೆ ಇನ್ನೊಂದು, ಒತ್ತಿ ಹಿಡಿದರೆ ನಾದವೇ ಅಡಗುತ್ತದೆ. ಬೀಸು ಕಂಸಾಳೆಯಲ್ಲಿ ದಾರದ ತುದಿಯ ತಾಳ ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಕೆಳಗೆ ಸುತ್ತಿಬಂದು ಬಟ್ಟಲಿಗೆ ಬೀಳುತ್ತದೆ. ಒಮ್ಮೊಮ್ಮೆ ನೆರೆಯವನ ಬಟ್ಟಲಿಗೂ ಬೀಳುತ್ತದೆ. ಆದುದರಿಂದ ಒಬ್ಬನ ಎಣಿಕೆ ಇನ್ನೊಬ್ಬನ ಕೈಯಲ್ಲಿ ಮುಗಿಯುತ್ತದೆ. ಕಾಲಿನ ನಡೆ ಒಂದು, ಕೈಯ ಸುತ್ತು ಇನ್ನೊಂದು, ಬಾಯ ಸಾಲು ಮತ್ತೊಂದು. ಕುಳಿತು ಕಥೆ ಹಾಡುವಾಗಲಾದರೋ ಮುಖ್ಯ ಗಾಯಕನ ಸಾಲು ಕಥೆಯ ಅಗತ್ಯಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ, ನಡುವೆ ಮಾತಿಗೂ ಇಳಿಯುತ್ತದೆ. ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಂಡಾಗ ಮಾತ್ರ ಎಲ್ಲವೂ ಒಂದೆಡೆ ಕೂಡುತ್ತದೆ. ಶಾಸ್ತ್ರೀಯ ಸಂಗೀತದಲ್ಲಿ ಆವರ್ತದ ಉದ್ದ ಸ್ಥಿರ, ಅದರೊಳಗಿನ ವಿನ್ಯಾಸ ಚರ. ಇಲ್ಲಿ ಪೆಟ್ಟು ಸ್ಥಿರ, ಆವರ್ತದ ಉದ್ದವೇ ಚರ. ಸಂಕೀರ್ಣತೆಯ ಈ ಎರಡನೆಯ ಬಗೆಗೆ ಸಂಗೀತಶಾಸ್ತ್ರದಲ್ಲಿ ಸಿದ್ಧವಾದ ಹೆಸರಿಲ್ಲದಿರುವುದರಿಂದಲೇ ಇದನ್ನು ಸರಳವೆಂದು ಕರೆಯುವ ರೂಢಿ ಬೆಳೆದಿರಬೇಕು.

ಈ ಹಿನ್ನೆಲೆಯಲ್ಲಿ ‘ಜನುಮದ ಜೋಡಿ’ಯ ಕೋಲುಮಂಡೆ ಜಂಗಮನ ಹಾಡನ್ನು ವಿಚಾರಿಸಬಹುದು. ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯನ್ನು ಆಧರಿಸಿದ ಈ ಚಿತ್ರ ೧೯೯೬ರಲ್ಲಿ ತೆರೆಕಂಡಿತು. ನಿರ್ದೇಶಕರು ಮೇಲೆ ಹೇಳಿದ ನಾಗಾಭರಣರೇ, ಸಂಗೀತ ವಿ. ಮನೋಹರ್ ಅವರದು. ಮಾದೇಶ್ವರನ ಗುಡ್ಡರ ಹಾಡನ್ನು ಎಲ್. ಎನ್. ಶಾಸ್ತ್ರಿಯವರು ಹಾಡಿದರು, ಅವರಿಗೆ ರಾಜ್ಯಪ್ರಶಸ್ತಿಯೂ ದೊರೆಯಿತು. ಮಾದಪ್ಪನ ಹೆಸರನ್ನೇ ಕೇಳದಿದ್ದ ಊರುಗಳಿಗೆ ಕಂಸಾಳೆಯನ್ನು ಕೊಂಡೊಯ್ದುದು ಈ ಹಾಡೆಂಬುದನ್ನು ಯಾರೂ ಅಲ್ಲಗಳೆಯಲಾರರು. ಶಾಸ್ತ್ರಿಯವರ ದನಿಯಲ್ಲಿ ಗುಡ್ಡನ ಒರಟುತನವೂ ಕರೆಯುವ ಒತ್ತೂ ಇವೆ. ನಯಗೊಳಿಸುವ ಚಾಪಲ್ಯಕ್ಕೆ ಅವರು ಒಳಗಾಗಲಿಲ್ಲ. ಆದರೆ ತಾಳದ ದೃಷ್ಟಿಯಿಂದ ಆಗಿರುವುದೇ ಬೇರೆ. ಹಾಡಿನ ಪ್ರತಿಯೊಂದು ಸಾಲೂ ಒಂದೇ ಉದ್ದಕ್ಕೆ ಬಂದಿದೆ. ಪೆಟ್ಟು ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರದಲ್ಲಿ ಬೀಳುತ್ತದೆ. ಕಂಸಾಳೆಯು ಹಾಡನ್ನು ನಡೆಸುವುದರ ಬದಲು ಇತರ ಚರ್ಮವಾದ್ಯಗಳ ಮೇಲೆ ಹೊಳಪಿನ ಲೇಪವಾಗಿ ಉಳಿದಿದೆ. ಅಂಶಗಣದ ಹಾಡು ಮಾತ್ರಾಗಣದ ಹಾಡಾಗಿ ಮಾರ್ಪಟ್ಟಿತೆಂದರೆ ಅತಿಶಯೋಕ್ತಿಯಾಗದು. ಛಂದಸ್ಸಿನ ಚರಿತ್ರೆಯಲ್ಲಿ ತ್ರಿಪದಿಗೂ ಷಟ್ಪದಿಗೂ ಹಿಂದೆಯೇ ಆದ ಸ್ಥಿತ್ಯಂತರವಿದು: ಅಂಶದಿಂದ ಮಾತ್ರೆಗೆ. ಅಲ್ಲಿ ಶತಮಾನಗಳು ಹಿಡಿದುವು. ಇಲ್ಲಿ ಧ್ವನಿಮುದ್ರಣದ ಒಂದು ದಿನ ಸಾಕಾಯಿತು.

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯವರಾದ ಪ್ರೇಮ್ ಅವರು ನಿರ್ದೇಶಿಸಿ, ಗುರುಕಿರಣ್ ಅವರು ಸಂಗೀತವನ್ನು ನೀಡಿದ ‘ಜೋಗಿ’ಯಲ್ಲೂ (೨೦೦೫) ಜೋಗಪ್ಪನ ಜನಪದ ಹಾಡಿಗೆ ಇದೇ ಗತಿ ಒದಗಿದೆ, ಅದರ ಗುಣ ರಭಸದಲ್ಲಿದೆ, ಲಯದಲ್ಲಿಲ್ಲ. ‘ಗರುಡ ಗಮನ ವೃಷಭ ವಾಹನ’ದ (೨೦೨೧) ವಿಷಯ ಇದಕ್ಕಿಂತ ಸ್ವಾರಸ್ಯಕರವಾದುದು. ಅಲ್ಲಿ ರಾಜ್ ಬಿ. ಶೆಟ್ಟಿಯವರು ಮಾದೇಶ್ವರನ ಭಕ್ತರ ‘ಸೋಜುಗಾದ ಸೂಜಿಮಲ್ಲಿಗೆ’ಯನ್ನು ಮಂಗಳೂರಿನ ಹುಲಿವೇಷದ ಕುಣಿತದೊಡನೆ ಸೇರಿಸಿದ್ದಾರೆ, ಕೊಲೆಗೈದು ಬಂದವನೊಬ್ಬನು ಮಳೆಯಲ್ಲಿ ಕುಣಿಯುತ್ತಾನೆ. ಮಲೆಯ ಹಾಡು ಕಡಲತೀರದ ಹೆಜ್ಜೆಗೆ ಒಗ್ಗುವುದಿಲ್ಲ, ಒಗ್ಗಬಾರದೆಂಬುದೇ ನಿರ್ದೇಶಕನ ಉದ್ದೇಶವಿರಬಹುದು. ಹಾಡಿನ ನಿಧಾನ ಒಂದೆಡೆಗೂ ದೇಹದ ಆವೇಶ ಇನ್ನೊಂದೆಡೆಗೂ ಎಳೆಯುವುದರಿಂದ, ಬಾಯಿ, ಕೈ, ಕಾಲುಗಳು ಬೇರೆ ಬೇರೆ ಎಣಿಕೆಯಲ್ಲಿ ನಡೆಯುವ ಕಂಸಾಳೆಯ ಮೂಲತತ್ತ್ವವೇ ಅರಿಯದೆ ತೆರೆಯ ಮೇಲೆ ತಿರುಗಿ ಬಂದಂತಾಗಿದೆ. ಸಾಲುಗಳೇನೋ ಇಲ್ಲಿಯೂ ಸಮವಾಗಿಯೇ ಇವೆ. ವಿಷಮತೆ ಹುಟ್ಟಿದುದು ಕಣ್ಣಿಗೂ ಕಿವಿಗೂ ನಡುವೆ.

ಚಲಚ್ಚಿತ್ರದ ಪಕ್ಷವನ್ನು ವಹಿಸಿ ಹೇಳಬಹುದಾದುದೂ ಉಂಟು. ನಾಲ್ಕೈದು ನಿಮಿಷಗಳ ಮಿತಿ, ಹತ್ತಾರು ವಾದ್ಯಗಾರರ ಮೇಳ, ನೃತ್ಯದ ಹೆಜ್ಜೆ, ತುಂಡುತುಂಡಾಗಿ ಹಿಡಿದ ಚಿತ್ರಗಳ ಜೋಡಣೆ, ಇವೆಲ್ಲಕ್ಕೂ ಅಚಲವಾದ ಅಳತೆ ಬೇಕು. ಜಿ. ಕೆ. ವೆಂಕಟೇಶರಲ್ಲಿ ಸಹಾಯಕರಾಗಿದ್ದು ಬಳಿಕ ತಮಿಳಿನಲ್ಲಿ ವಿಖ್ಯಾತರಾದ ಇಳೆಯರಾಜರು ಅಚಲವಾದ ಅಳತೆಯೊಳಗೇ ಪೆಟ್ಟಿನ ಸ್ಥಾನಗಳನ್ನು ಪಲ್ಲಟಗೊಳಿಸಿ ಎಂತಹ ಬೆಡಗನ್ನು ತರಬಹುದೆಂಬುದನ್ನು ತೋರಿಸಿಕೊಟ್ಟರು. ಅದು ಶಾಸ್ತ್ರಮಾರ್ಗದ ಸಂಕೀರ್ಣತೆ, ಮತ್ತು ಅದರ ಬೆಲೆ ಕಡಿಮೆಯದಲ್ಲ. ಆದರೆ ಯಂತ್ರವೇ ಹಾಡಿನ ಸ್ವಾತಂತ್ರ್ಯವನ್ನು ಕಸಿಯಿತೆಂಬ ಸಮರ್ಥನೆ ನಿಲ್ಲಲಾರದು. ೧೯೩೪ರ ‘ಸತೀ ಸುಲೋಚನಾ’ದ ಕಾಲದಲ್ಲಿ ನಟರು ತಾವೇ ಹಾಡಬೇಕಾಗಿದ್ದಿತು, ನಾಟಕದ ಕಂಪನಿಗಳಲ್ಲಿ ಕಲಿತ ಎಳೆತ ಬಿಡಿತಗಳು ವಾಕ್ಚಿತ್ರಕ್ಕೂ ಹಾಗೆಯೇ ಬಂದುವು. ಇನ್ನೂ ಬಲವಾದ ಸಾಕ್ಷ್ಯ ಮಳವಳ್ಳಿಯದೇ ಆಗಿದೆ. ಮಳವಳ್ಳಿ ಮಹದೇವಸ್ವಾಮಿಯವರು ಹಾಡಿದ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ದೀರ್ಘಕಥನಗಳ ಧ್ವನಿಸುರುಳಿಗಳು ಈ ಸೀಮೆಯ ಮನೆಮನೆಗಳಲ್ಲಿ ಕೇಳಿಬಂದುವು. ಅವು ಕೂಡ ಯಂತ್ರದ ಮುಂದೆ ಹಾಡಿದುವೇ. ಅಲ್ಲಿ ಹಾಡು ಮಾತಾಗುತ್ತದೆ, ಮಾತು ಮತ್ತೆ ಹಾಡಾಗುತ್ತದೆ, ಸಾಲು ತನಗೆ ಬೇಕಾದಷ್ಟು ದೂರ ಹೋಗಿ ಸೊಲ್ಲಿಗೆ ಮರಳುತ್ತದೆ.

ಇದೆಲ್ಲ ಕೇವಲ ಪಂಡಿತರ ಚರ್ಚೆಯಾಗಿ ಉಳಿಯುವಂತಿಲ್ಲ. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಕಂಸಾಳೆ ಕುಣಿಯುವುದು ಬಹುಮಟ್ಟಿಗೆ ಚಿತ್ರದ ಹಾಡಿಗೆ; ಅವರ ಕೈಯಲ್ಲಿರುವ ತಾಳ ದನಿ ಮಾಡದಿದ್ದರೂ ಕುಣಿತ ನಡೆಯುತ್ತದೆ, ಏಕೆಂದರೆ ಪೆಟ್ಟು ಧ್ವನಿವರ್ಧಕದಿಂದ ಬರುತ್ತಿರುತ್ತದೆ. ಅಧ್ಯಾಪಕರಾದವರು ಇದನ್ನು ಬಲ್ಲರು. ವಿದ್ವಾಂಸರೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ನಾಗಮಂಗಲ ತಾಲ್ಲೂಕಿನವರೇ ಆದ ಜೀ. ಶಂ. ಪರಮಶಿವಯ್ಯನವರೂ ಅವರ ಬಳಿಕ ಬಂದವರೂ ಈ ಕಾವ್ಯಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದು ಮಾಡಿದ ಉಪಕಾರ ದೊಡ್ಡದು. ಆದರೆ ಅಚ್ಚಿನಲ್ಲಿ ಉಳಿದುದು ಮಾತು ಮಾತ್ರ. ಎಲ್ಲಿ ಪೆಟ್ಟು ಬಿದ್ದಿತು, ಎಲ್ಲಿ ತಪ್ಪಿತು, ಹಿಮ್ಮೇಳ ಎಲ್ಲಿ ಎತ್ತಿಕೊಂಡಿತು ಎಂಬುದಕ್ಕೆ ಪುಟದ ಮೇಲೆ ಗುರುತಿಲ್ಲ. ಹೀಗಿರುವಾಗ ಸಂಗೀತನಿರ್ದೇಶಕನು ಸಾಲುಗಳನ್ನು ಸಮನಾಗಿ ಕತ್ತರಿಸಿಕೊಂಡನೆಂದು ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಮಂಟೇಸ್ವಾಮಿಯ ಕಾವ್ಯದಲ್ಲಿ ಸಿದ್ದಪ್ಪಾಜಿಯು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಬಂದು, ಅಲ್ಲಿಯ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆಯನ್ನು ಬೇಡಿ, ಅವರೊಡ್ಡಿದ ಪರೀಕ್ಷೆಗಳನ್ನೆಲ್ಲ ಗೆಲ್ಲುವ ಭಾಗವೊಂದಿದೆ. ಪೆಟ್ಟಿನ ಗುರುತುಗಳೊಡನೆ ಲಿಪಿಗಿಳಿಸುವ ಕಾರ್ಯವನ್ನು ಆರಂಭಿಸುವುದಕ್ಕೆ ಇದಕ್ಕಿಂತ ತಕ್ಕ ಭಾಗ ದೊರೆಯಲಾರದು. ಕುಲುಮೆಯ ಮುಂದೆ ನಿಂತ ಭಿಕ್ಷುಕನನ್ನು ಕುರಿತು ನೀಲಗಾರನು ಹಾಡುವಾಗ, ಕೈಯ ಗಗ್ಗರದ ಪೆಟ್ಟು ಬಿಡದೆ ಒಂದೇ ಸಮನೆ ಬೀಳುತ್ತಿದ್ದರೂ ಸಾಲು ಮಾತ್ರ ಒಮ್ಮೆ ಆರು ಪೆಟ್ಟಿಗೆ, ಒಮ್ಮೆ ಒಂಬತ್ತಕ್ಕೆ, ಒಮ್ಮೆ ಎಣಿಸಲಾರದಷ್ಟಕ್ಕೆ ಮುಗಿಯಬಹುದು. ಆ ಮೂರನ್ನೂ ಮೂರಾಗಿಯೇ ಬರೆದುಕೊಳ್ಳಬೇಕು.